ಪ್ರತಿಜ್ಞೆ ಸಾಕು, ಪಂಚಿಂಗ್ ಸಮಯ ನೋಡಿ

ಮಾನ್ಯ ಸಂಪಾದಕರೇ,

ಜನವರಿಯ ರಸ್ತೆ ಸುರಕ್ಷತಾ ಮಾಸ ಬಂತೆಂದರೆ, ಮತ್ತೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಬಂತೆಂದರೆ, ಕೈಗಾರಿಕಾ ಪ್ರದೇಶಗಳ ಗೇಟುಗಳಿಗೆ ಬ್ಯಾನರ್ ಏರುತ್ತದೆ. ನೌಕರರನ್ನು ಸಾಲಾಗಿ ನಿಲ್ಲಿಸಿ, ಬಲಗೈ ಚಾಚಿಸಿ ಪ್ರತಿಜ್ಞೆ ಬೋಧಿಸುತ್ತಾರೆ. ಫೋಟೊ ತೆಗೆಯುತ್ತಾರೆ. ಅದೇ ದಿನ ಮಧ್ಯಾಹ್ನ 2 ಗಂಟೆಗೆ ಶಿಫ್ಟ್ ಬಿಡುವಾಗ ಅದೇ ಗೇಟಿನ ಎದುರು ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಹೆಲ್ಮೆಟ್ ಒಬ್ಬರ ಮೊಣಕೈಯಲ್ಲಿ ತೂಗುತ್ತಿರುತ್ತದೆ, ಇನ್ನೊಬ್ಬರ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ. ಯೂ ಟರ್ನ್ ದೂರ ಎಂದು ಅರ್ಧದಷ್ಟು ಬೈಕುಗಳು ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡ್ ಹೊರಡುತ್ತವೆ.

ಕಾರ್ಖಾನೆಯ ಒಳಗೆ ಫೋರ್ಕ್‌ಲಿಫ್ಟ್‌ಗೆ ವೇಗದ ಮಿತಿ ಇದೆ, ತಿರುವಿನಲ್ಲಿ ಹಾರನ್ ಕಡ್ಡಾಯ, ನಡೆದು ಹೋಗುವವರಿಗೆ ಹಳದಿ ಗೆರೆ ಇದೆ. ಏಣಿ ಹತ್ತಲೂ ಪರ್ಮಿಟ್ ಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನಲ್ಲಿ ಎಂಟು ಗಂಟೆ ಕಳೆದ ಮನುಷ್ಯ ಗೇಟು ದಾಟಿದ ಕೂಡಲೇ ಅವನ ಕ್ಷೇಮ ಅವನ ಹಣೆಬರಹಕ್ಕೆ ಬಿಟ್ಟದ್ದು ಎಂಬಂತೆ ಆಡಳಿತ ಮಂಡಳಿಗಳು ನಡೆದುಕೊಳ್ಳುತ್ತವೆ. ನೌಕರರ ಚಾಲನೆಯ ಅಭ್ಯಾಸ ಸುಧಾರಿಸಬೇಕು ಎನ್ನುವ ಕಂಪನಿಗಳು ಮೊದಲು ನೋಡಬೇಕಾದದ್ದು ತಮ್ಮದೇ ನಿಯಮಗಳನ್ನು. ರಸ್ತೆಯಲ್ಲಿ ಕಾಣುವ ಅವಸರದಲ್ಲಿ ಬಹುಪಾಲು ಹುಟ್ಟುವುದು ಹಾಜರಿ ಯಂತ್ರದಲ್ಲಿ.

ಸಾಮಾನ್ಯವಾಗಿ ಇರುವ ಕ್ರಮ ಹೀಗೆ: 6 ಗಂಟೆಯ ಶಿಫ್ಟಿಗೆ 6.05ರವರೆಗೆ ರಿಯಾಯಿತಿ, ಆಮೇಲೆ ಲೇಟ್ ಮಾರ್ಕ್, ಮೂರು ಲೇಟ್ ಮಾರ್ಕಿಗೆ ಅರ್ಧ ದಿನದ ಸಂಬಳ ಅಥವಾ ರಜೆ ಕಡಿತ. ಮನೆಯಿಂದ 12 ಕಿ.ಮೀ. ದೂರ ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ 18 ನಿಮಿಷ ಬೇಕು, 60ರಲ್ಲಿ 12 ನಿಮಿಷ. ಉಳಿಯುವುದು ಆರು ನಿಮಿಷ. ಅದೂ ದಾರಿಯಲ್ಲಿ ಒಂದೂ ಸಿಗ್ನಲ್, ಒಂದೂ ಹಂಪ್ ಇಲ್ಲದಿದ್ದರೆ. ಈ ಆರು ನಿಮಿಷಕ್ಕೆ ತೆರುವ ಬೆಲೆ ಬೇರೆ ಇದೆ. ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ, ಒಣ ಡಾಂಬರಿನಲ್ಲಿ 40ರ ವೇಗದ ಬೈಕು ಸುಮಾರು 22 ಮೀಟರಿನಲ್ಲಿ ನಿಲ್ಲುತ್ತದೆ. 60ರ ವೇಗದ್ದಕ್ಕೆ ಸುಮಾರು 40 ಮೀಟರ್ ಬೇಕು. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ನೋಟಿಸ್ ಬೋರ್ಡಿನಲ್ಲಿ ‘ನಿಧಾನವೇ ಪ್ರಧಾನ’ ಎಂದು ಬರೆಸಿ, ಅದರ ಪಕ್ಕದಲ್ಲೇ ಲೇಟ್ ಮಾರ್ಕಿನ ಪಟ್ಟಿ ಅಂಟಿಸುವ ಕಂಪನಿಯ ಯಾವ ಮಾತನ್ನು ನೌಕರ ನಂಬಬೇಕು?

ಹದಿನೈದು ನಿಮಿಷ ರಿಯಾಯಿತಿ ಕೊಟ್ಟು, ತಡವಾದಷ್ಟನ್ನು ಶಿಫ್ಟಿನ ಕೊನೆಯಲ್ಲಿ ತುಂಬಿಸಿಕೊಂಡರೆ ಕಚೇರಿ, ಸ್ಟೋರ್ಸ್, ಮೆಂಟೆನೆನ್ಸ್ ವಿಭಾಗಗಳಲ್ಲಿ ಯಾರಿಗೂ ನಷ್ಟವಿಲ್ಲ. ಅಸೆಂಬ್ಲಿ ಲೈನಿನಲ್ಲಿ ಇದು ಇಷ್ಟು ಸುಲಭವಲ್ಲ ಎನ್ನುವುದು ನಿಜ; ಒಬ್ಬ ಬರದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಲ್ಲಿ ಹೋಗುವ ಶಿಫ್ಟ್ ಮತ್ತು ಬರುವ ಶಿಫ್ಟ್ ಹತ್ತು ನಿಮಿಷ ಒಂದರ ಮೇಲೊಂದು ಹಾಯುವಂತೆ ವೇಳೆ ಹೊಂದಿಸಬೇಕು, ನಲವತ್ತು ಜನರ ಸಾಲಿಗೆ ಬಾರದವರ ಜಾಗ ತುಂಬುವ ಒಬ್ಬಿಬ್ಬರು ರಿಲೀವರ್‌ಗಳನ್ನು ಇಟ್ಟುಕೊಳ್ಳಬೇಕು. ಎಲ್ಲ ವಿಭಾಗಗಳನ್ನೂ ಒಂದೇ ಹೊತ್ತಿಗೆ ಬಿಡುವ ಪದ್ಧತಿಯನ್ನೂ ಕೈಬಿಡಬೇಕು. ಎಂಟುನೂರು ಬೈಕುಗಳು ಐದು ನಿಮಿಷದಲ್ಲಿ ಒಂದೇ ಗೇಟಿನಿಂದ ನುಗ್ಗುವುದಕ್ಕೂ, ಕಾಲು ಗಂಟೆಯ ಅಂತರದಲ್ಲಿ ಮೂರು ಕಂತಾಗಿ ಹೊರಡುವುದಕ್ಕೂ ಎಷ್ಟು ವ್ಯತ್ಯಾಸವೆಂದು ಗೇಟಿನ ಸೆಕ್ಯುರಿಟಿಯವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಮೊಬೈಲು. ಗಾಡಿ ಓಡಿಸುತ್ತಿರುವ ನೌಕರನಿಗೆ ಹಗಲು ಹೊತ್ತು ಬರುವ ಕರೆಗಳಲ್ಲಿ ಎಷ್ಟೋ ಕರೆಗಳು ಅವನ ಸೂಪರ್‌ವೈಸರ್‌ನವೇ. ‘ಎಲ್ಲಿದೀಯ, ಎಷ್ಟು ಹೊತ್ತಾಗುತ್ತೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಅವನು ಮೊಬೈಲನ್ನು ಹೆಲ್ಮೆಟ್ಟಿನ ಒಳಗೆ ಕೆನ್ನೆಗೆ ಸಿಕ್ಕಿಸಿಕೊಳ್ಳುತ್ತಾನೆ. ಮೊಬೈಲ್ ಒಳಗೆ ತೂರಬೇಕೆಂದರೆ ಗಲ್ಲದ ಪಟ್ಟಿ ಸಡಿಲವಿರಬೇಕು. ಹಾಗಾಗಿ ಆ ಹೆಲ್ಮೆಟ್ ಇದ್ದರೂ ಇಲ್ಲದ ಲೆಕ್ಕ: ಬಿದ್ದಾಗ ತಲೆಗಿಂತ ಮೊದಲು ಅದೇ ಹಾರಿ ಹೋಗುತ್ತದೆ. ಸರ್ವಿಸ್ ಎಂಜಿನಿಯರ್, ಮಾರಾಟ ಪ್ರತಿನಿಧಿ, ಡೆಲಿವರಿ ಹುಡುಗರ ಪಾಡು ಇನ್ನೂ ಕಷ್ಟ. ಅವರಿಗೆ ಕೆಲಸ ಬರುವುದೇ ಪರದೆಯ ಮೇಲೆ. 40ರ ವೇಗದಲ್ಲಿ ಸೆಕೆಂಡಿಗೆ 11 ಮೀಟರ್ ದಾಟುತ್ತೇವೆ. ಒಂದು ವಾಟ್ಸ್‌ಆ್ಯಪ್ ಸಂದೇಶ ಓದಲು ಐದು ಸೆಕೆಂಡ್ ಕಣ್ಣು ಕೆಳಗಿಟ್ಟರೆ 55 ಮೀಟರ್, ಅಂದರೆ ಒಂದು ಸಣ್ಣ ಬೀದಿಯಷ್ಟು ದೂರವನ್ನು ಕಣ್ಣು ಮುಚ್ಚಿಕೊಂಡು ಹೋದಂತೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ, ಕೈಯಲ್ಲಿ ಮೊಬೈಲ್ ಹಿಡಿದು ಚಲಾಯಿಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಆದರೆ ಕರೆ ತೆಗೆದುಕೊಂಡವನಿಗೆ ಮಾತ್ರ ನಿಯಮ ಹಾಕಿದರೆ ಸಾಲದು, ಕರೆ ಮಾಡಿದವನಿಗೂ ಬೇಕು. ಆ ಕಡೆಯವರು ‘ಗಾಡೀಲಿದೀನಿ’ ಎಂದ ತಕ್ಷಣ, ವಿಷಯ ಎಷ್ಟೇ ತುರ್ತಿನದಾಗಿರಲಿ, ಕರೆ ಮಾಡಿದವರೇ ಫೋನ್ ಇಡಬೇಕು. ಇದನ್ನು ಬರವಣಿಗೆಯಲ್ಲಿ ಹೊರಡಿಸಿ, ಮೊದಲು ಮ್ಯಾನೇಜರ್‌ಗಳಿಗೆ ಅನ್ವಯಿಸಬೇಕು. ಕರೆಗೆ ಉತ್ತರ ಬರಲಿಲ್ಲವೆಂದು ಮೂವತ್ತು ನಿಮಿಷದವರೆಗೆ ಯಾರೂ ಕಾರಣ ಕೇಳಕೂಡದು. ಹೊರಗೆ ಓಡಾಡುವ ಸಿಬ್ಬಂದಿಗೆ ಮುಂದಿನ ವಿಳಾಸವನ್ನು ಹಿಂದಿನ ಕೆಲಸ ಮುಗಿಸಿ ಗಾಡಿ ಹತ್ತುವ ಮೊದಲೇ ಕಳಿಸಬೇಕು. ಬ್ಲೂಟೂತ್ ಕೊಡಿಸಿದ್ದೇವೆ ಎನ್ನುವ ಕಂಪನಿಗಳಿವೆ. ಅದರಿಂದ ಕೈ ಬಿಡುವಾಗುತ್ತದೆ, ಗಮನ ಬಿಡುವಾಗುವುದಿಲ್ಲ.

ಹೆಲ್ಮೆಟ್ ವಿಷಯ ಎಲ್ಲರಿಗೂ ಗೊತ್ತಿರುವುದೇ ಎನ್ನಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದ ಸವಾರರು. ಆ ಪೈಕಿ 14,337 ಜನ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ಶಿಫ್ಟಿಗೆ ಡ್ರಾಪ್ ಕೊಡುವ ಗೆಳೆಯನ ಹಿಂದೆ ಕೂತವನ ತಲೆ ಇವತ್ತಿಗೂ ಬರಿದೇ.

‘ಹೆಲ್ಮೆಟ್ ಇಲ್ಲದವರಿಗೆ ಪ್ರವೇಶವಿಲ್ಲ’ ಎಂಬ ಫಲಕ ಹಾಕಿದ ಕಡೆ ಆಗುವುದೇನು? ಗೇಟಿಗೆ ಐವತ್ತು ಮೀಟರ್ ಇರುವಾಗ ಗಾಡಿ ನಿಲ್ಲಿಸಿ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ಒಳಗೆ ಹೋದವರು ಹೊರಗಿದ್ದವರಿಗೆ ಕಾಂಪೌಂಡ್ ಮೇಲಿಂದ ಎಸೆಯುತ್ತಾರೆ. ಇನ್ನು, ಗೇಟಿನಿಂದ ವಾಪಸ್ ಕಳಿಸಿದವನು ಹಾಜರಿ ಉಳಿಸಿಕೊಳ್ಳಲು ಮನೆಗೆ ಹೋಗಿ ಬರುವ ವೇಗ ನೆನೆದರೆ ಭಯವಾಗುತ್ತದೆ. ಅದರ ಬದಲು ಸೆಕ್ಯುರಿಟಿ ಕೋಣೆಯಲ್ಲಿ ಮೂರು ಅಳತೆಯ ಹತ್ತು ಹೆಲ್ಮೆಟ್ ಇಟ್ಟು, ಗುರುತಿನ ಚೀಟಿ ಒತ್ತೆಯಿಟ್ಟುಕೊಂಡು ಎರವಲು ಕೊಡುವುದು ಮೇಲು. ತಪಾಸಣೆಯನ್ನು ಬರುವಾಗಿನದಕ್ಕಿಂತ ಹೋಗುವಾಗ ಮಾಡಿ. ಮನೆಗೆ ಹೋಗುವ ಅವಸರ, ಜೊತೆಗೆ ಎಂಟು ಗಂಟೆಯ ದಣಿವು ಎರಡೂ ಸೇರುವುದು ಆಗಲೇ.

ಕೊಳ್ಳುವುದಾದರೆ ಕಂಪನಿಯೇ ಸಗಟಾಗಿ ಕೊಂಡು ಹಂಚಲಿ. ಐಎಸ್ 4151 ಸಂಖ್ಯೆಯ ಐಎಸ್‌ಐ ಗುರುತು ಇರಲೇಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ರಸ್ತೆ ಬದಿಯಲ್ಲಿ ಮಾರುವ, ಅರ್ಧ ತೆಂಗಿನ ಚಿಪ್ಪಿನಂಥ ಟೊಪ್ಪಿಗೆ ಪೊಲೀಸರಿಂದ ತಪ್ಪಿಸಿಕೊಳ್ಳಲಷ್ಟೇ ಆದೀತು. ಅಳತೆ ತೆಗೆಯುವುದು ಹುಬ್ಬಿನಿಂದ ಒಂದು ಇಂಚು ಮೇಲೆ, ತಲೆಯ ಸುತ್ತ ಟೇಪು ಹಿಡಿದು. ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ಆಮೇಲೆ ಇನ್ನೊಬ್ಬರಿಂದ ಹೆಲ್ಮೆಟ್ಟಿನ ಹಿಂಬದಿಯ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಎಳೆಸಿ ನೋಡಬೇಕು. ಕಳಚಿ ಬಂದರೆ ಅಳತೆ ದೊಡ್ಡದಾಯಿತು ಎಂದೇ ಅರ್ಥ. ಒಳಗಿನ ಥರ್ಮಾಕೋಲ್ ಪದರವೇ ಪೆಟ್ಟು ನುಂಗುವ ಭಾಗ. ಅದು ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ಸಲ ಬಲವಾಗಿ ಬಿದ್ದ ಹೆಲ್ಮೆಟ್ ಹೊರಗೆ ಗೀರಿಲ್ಲದಿದ್ದರೂ ಮುಗಿದಂತೆ. ಕನ್ನಡಿಗೆ ಸಿಕ್ಕಿಸಿ ಇಡುವ ಅಭ್ಯಾಸದಿಂದಲೂ ಆ ಪದರದಲ್ಲಿ ಗುಳಿ ಬೀಳುತ್ತದೆ. ರಾತ್ರಿ ಪಾಳಿಯವರು ಗೀಚುಬಿದ್ದ ಗಾಜನ್ನು ಬದಲಿಸಲೇಬೇಕು. ಎದುರಿನ ಹೈಬೀಮ್ ಬೆಳಕು ಆ ಗೀಚುಗಳಲ್ಲಿ ಚದುರಿ ರಸ್ತೆಯೇ ಕಾಣದಂತಾಗುತ್ತದೆ.

ನಿದ್ದೆಯ ಬಗ್ಗೆ ಕಂಪನಿಗಳು ಮಾತೇ ಆಡುವುದಿಲ್ಲ. ನಮ್ಮ ಕಾನೂನಿನಲ್ಲಿ ಕುಡಿದು ಚಲಾಯಿಸುವುದರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೊಹಾಲ್. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, 50 ಮಿ.ಗ್ರಾಂ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಈಗ ಡಬಲ್ ಶಿಫ್ಟಿನ ಲೆಕ್ಕ ಹಾಕಿ: ಬೆಳಿಗ್ಗೆ 7ಕ್ಕೆ ಎದ್ದವನು 2ರಿಂದ 10ರ ಪಾಳಿ ಮುಗಿಸುತ್ತಾನೆ, ಬದಲಿಗೆ ಬರಬೇಕಾದವನು ಬಂದಿಲ್ಲವೆಂದು ಓಟಿಗೆ (ಹೆಚ್ಚುವರಿ ಪಾಳಿಗೆ) ಉಳಿಯುತ್ತಾನೆ, ಮರುದಿನ 6ಕ್ಕೆ ಬೈಕು ಸ್ಟಾರ್ಟ್ ಮಾಡುತ್ತಾನೆ. ಅಷ್ಟರಲ್ಲಿ ಅವನು ಎಚ್ಚರವಿದ್ದು 23 ಗಂಟೆ. ಉಸಿರು ಪರೀಕ್ಷೆಯ ಯಂತ್ರಕ್ಕೆ ಅವನು ಸಿಕ್ಕಿಬೀಳುವುದಿಲ್ಲ, ಅಷ್ಟೇ.

ಓಟಿ ಕೊಡುವ ಅಧಿಕಾರ ಇರುವವರೇ ಅವನನ್ನು ಮನೆ ತಲುಪಿಸುವ ಹೊಣೆಯನ್ನೂ ಹೊರಬೇಕು. ಡಬಲ್ ಶಿಫ್ಟ್ ಮಾಡಿದವನ ಬೈಕು ಪಾರ್ಕಿಂಗಿನಲ್ಲೇ ಉಳಿಯಲಿ. ಕಂಪನಿ ಬಸ್ಸಿನಲ್ಲಿ ಅಥವಾ ಕ್ಯಾಬಿನಲ್ಲಿ ಕಳಿಸಿ. ಆ ಖರ್ಚು ಓಟಿ ಮಂಜೂರಾತಿಯ ಹಾಳೆಯಲ್ಲೇ ಕಾಣುವಂತೆ ಮಾಡಿದರೆ ಅನಗತ್ಯ ಓಟಿಯೂ ತಾನಾಗಿ ಇಳಿಯುತ್ತದೆ. ರಾತ್ರಿ ಪಾಳಿ ಮುಗಿಸಿದವರಿಗೆ ಗೇಟಿನ ಬಳಿ ನಾಲ್ಕು ಮಂಚದ ಒಂದು ಕೋಣೆ, ಒಂದು ಅಲಾರಂ, ಒಂದು ಲೋಟ ಕಾಫಿ ಸಾಕು. ಕಾಫಿ ಕುಡಿದು ತಕ್ಷಣ ಮಲಗಿ 20 ನಿಮಿಷಕ್ಕೆ ಎದ್ದರೆ, ಕೆಫೀನ್ ಕೆಲಸ ಶುರು ಮಾಡುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ಮುಖಕ್ಕೆ ನೀರು ಚಿಮುಕಿಸಿಕೊಂಡರೆ ನಿದ್ದೆ ದೂರವಾಗುವುದು ಸ್ವಲ್ಪ ಹೊತ್ತಿನ ಮಟ್ಟಿಗೆ. ಹಿಂದಿನ ಒಂದೆರಡು ಕಿ.ಮೀ. ದಾರಿ ನೆನಪಿಗೆ ಬರುತ್ತಿಲ್ಲ ಎನ್ನಿಸಿದರೆ ಸವಾರ ಆಗಲೇ ತೂಕಡಿಸಿದ್ದಾನೆ ಎಂದು ತಿಳಿಯಬೇಕು. ಈ ಒಂದು ಲಕ್ಷಣವನ್ನು ಪ್ರತಿಯೊಬ್ಬರಿಗೂ ಹೇಳಿಕೊಡಬೇಕು.

ಮದ್ಯದ ಬಗೆಗೂ ಒಂದು ತಪ್ಪು ತಿಳಿವಳಿಕೆ ಇದೆ, ರಾತ್ರಿ ಕುಡಿದದ್ದು ಮಲಗಿದರೆ ಇಳಿಯಿತು ಎಂದು. ದೇಹ ಗಂಟೆಗೆ, 100 ಮಿ.ಲೀ. ರಕ್ತದ ಲೆಕ್ಕದಲ್ಲಿ, ಸುಮಾರು 15 ಮಿ.ಗ್ರಾಂನಷ್ಟನ್ನು ಮಾತ್ರ ಕರಗಿಸುತ್ತದೆ. ರಾತ್ರಿ 12ಕ್ಕೆ 150 ಮಿ.ಗ್ರಾಂ ಇದ್ದವನಲ್ಲಿ ಬೆಳಿಗ್ಗೆ 5.30ಕ್ಕೆ ಇನ್ನೂ 67ರಷ್ಟು ಉಳಿದಿರುತ್ತದೆ. ಮೊಸರು, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಸಂಬಳದ ಮರುದಿನದ ಮತ್ತು ಹಬ್ಬದ ಮರುದಿನದ ಮೊದಲ ಪಾಳಿಗೆ ಯಾರೂ ಕಾರಣ ಹೇಳದೆ ರಜೆ ಹಾಕಬಹುದು ಎಂಬ ನಿಯಮವಿದ್ದರೆ ಒಳ್ಳೆಯದು.

ಗಾಡಿಯ ತಪಾಸಣೆಗೆ ಗ್ಯಾರೇಜ್ ಬೇಕಿಲ್ಲ. ತಿಂಗಳಿಗೊಮ್ಮೆ ಪಾರ್ಕಿಂಗಿನಲ್ಲಿ ಒಬ್ಬ ಮೆಕ್ಯಾನಿಕ್, ಒಂದು ಗಾಳಿಯ ಗೇಜು, ಒಂದು ಫೂಟ್ ಪಂಪ್ ಇದ್ದರೆ ಒಂದು ಬೈಕಿಗೆ ಐದು ನಿಮಿಷ. ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಸಾಮಾನ್ಯ 100ರಿಂದ 125 ಸಿಸಿ ಬೈಕುಗಳಲ್ಲಿ ಮುಂದೆ ಸುಮಾರು 25, ಹಿಂದೆ 28ರಿಂದ 33 ಪಿಎಸ್‌ಐ, ಖಚಿತ ಅಂಕಿ ಚೈನ್ ಕವರ್ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಸಾಲುಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಆ ಉಬ್ಬಿಗೆ ಸಮವಾದರೆ ಟೈರ್ ಬದಲಿಸಲೇಬೇಕು. ಚೈನನ್ನು ಮಧ್ಯದಲ್ಲಿ ಬೆರಳಿನಿಂದ ಎತ್ತಿ ಇಳಿಸಿದರೆ ಎರಡೂವರೆ ಸೆಂ.ಮೀ. ಆಸುಪಾಸು ಆಡಬೇಕು. ಜೋತುಬಿದ್ದ ಚೈನು ಹಲ್ಲು ಬಿಟ್ಟು ಹಿಂದಿನ ಚಕ್ರವನ್ನೇ ಕಚ್ಚಿಕೊಳ್ಳಬಹುದು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಸವಾರನಿಗೆ ತಾನಾಗಿ ಗೊತ್ತಾಗುವುದಿಲ್ಲ, ಇನ್ನೊಬ್ಬರು ನೋಡಬೇಕು. ಕನ್ನಡಿ ಎರಡೂ ಇರಬೇಕು. ಪಾರ್ಕಿಂಗಿನಲ್ಲಿ ಇಕ್ಕಟ್ಟೆಂದು ಎಡಗನ್ನಡಿ ಬಿಚ್ಚಿಟ್ಟವರೇ ಹೆಚ್ಚು; ಅಂದರೆ ಇದರಲ್ಲೂ ತಪ್ಪು ಅರ್ಧ ಕಂಪನಿಯದು, ಪಾರ್ಕಿಂಗ್ ಗೆರೆಗಳನ್ನು ಸ್ವಲ್ಪ ಅಗಲ ಎಳೆಸಿದರೆ ಆಯಿತು.

ಭಾಷಣದ ಬದಲಿಗೆ ಮಾಡಬಹುದಾದ ತರಬೇತಿ ಒಂದಿದೆ. ನಮ್ಮ ಸವಾರರಲ್ಲಿ ಬಹಳ ಮಂದಿ ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ, ಪಲ್ಟಿಯಾಗುತ್ತದೆಂಬ ಹೆದರಿಕೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಚಕ್ರದ್ದೇ. ಕಾರ್ಖಾನೆಯ ಅಂಗಳದಲ್ಲಿ ಮರಳು, ಎಣ್ಣೆ ಇಲ್ಲದ ಒಣ ಜಾಗ ಗುಡಿಸಿ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆ ದಾಟುವಾಗ 30ರ ವೇಗ. ಮೊದಲು ಹಿಂದಿನ ಬ್ರೇಕ್ ಮಾತ್ರ, ಆಮೇಲೆ ಎರಡೂ. ನಿಂತ ಜಾಗಗಳಿಗೆ ಗುರುತು ಹಾಕಿ ಟೇಪು ಹಿಡಿದರೆ ಎರಡನೆಯದು ಹೆಚ್ಚುಕಡಿಮೆ ಅರ್ಧ ದೂರ. ಕಣ್ಣಾರೆ ಕಂಡದ್ದನ್ನು ಯಾರೂ ಮರೆಯುವುದಿಲ್ಲ. ಮುಂದಿನ ಲಿವರನ್ನು ಒಮ್ಮೆಗೇ ಕಚ್ಚದೆ, ಟೂತ್‌ಪೇಸ್ಟ್ ಹಿಂಡುವ ಹಾಗೆ ಬಿಗಿ ಹೆಚ್ಚಿಸುತ್ತಾ ಹೋಗಬೇಕು, ಹ್ಯಾಂಡಲ್ ನೇರವಿರಬೇಕು. ತಿರುವಿನಲ್ಲಿ ಈ ಪ್ರಯೋಗ ಬೇಡ. 20ರ ವೇಗದಿಂದ ಶುರು ಮಾಡಿಸಿ, ಗ್ಲೌಸ್ ಮತ್ತು ಪೂರ್ತಿ ಹೆಲ್ಮೆಟ್ ಹಾಕಿಸಿ, ಕಲಿಸಬಲ್ಲವರು ಪಕ್ಕದಲ್ಲಿರಲಿ.

ಕ್ಯಾಬು, ಬಸ್ಸು ಕೊಟ್ಟಿರುವ ಕಂಪನಿಗಳು ತಮ್ಮ ಹೊಣೆ ಮುಗಿಯಿತು ಎನ್ನುವಂತಿಲ್ಲ. ಒಂದೇ ಚಾಲಕ ರಾತ್ರಿ ಡ್ರಾಪ್, ಬೆಳಗಿನ ಪಿಕಪ್, ನಡುವೆ ಒಂದು ಏರ್‌ಪೋರ್ಟ್ ಬಾಡಿಗೆ ಹೊಡೆದಿರುತ್ತಾನೆ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗಾಡಿ ಒದಗಿಸುವ ವೆಂಡರ್ ಜೊತೆಗಿನ ಕರಾರಿನಲ್ಲಿ ತಡವಾದ ಟ್ರಿಪ್ಪಿಗೆ ದಂಡ ಇರುತ್ತದೆ, ಚಾಲಕ ಎಷ್ಟು ಗಂಟೆ ಮಲಗಿದ ಎಂಬ ಪ್ರಶ್ನೆ ಇರುವುದಿಲ್ಲ. ಹಿಂದಿನ ಸೀಟಿನ ಬೆಲ್ಟ್ ಬಕಲ್‌ಗಳನ್ನು ಸೀಟ್ ಕವರ್ ಅಡಿಯಲ್ಲಿ ಹೂತಿರುತ್ತಾರೆ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯವೆಂಬುದು ನೆನಪಿದ್ದರೂ ಎಳೆದು ಹಾಕಲು ಏನೂ ಸಿಗುವುದಿಲ್ಲ. ವಾರಕ್ಕೊಮ್ಮೆ ಯಾರಾದರೂ ಬಾಗಿಲು ತೆರೆದು ನೋಡಬೇಕು, ಅಷ್ಟೆ.

ದಾರಿಯನ್ನೂ ಕಂಪನಿ ತಿಳಿದಿರಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಬಿಡದಿ ಕಡೆ ಬೈಕಿನಲ್ಲಿ ಹೋಗುವವರಿಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್, ನಿಂತ ಲಾರಿ, ಬಣ್ಣವಿಲ್ಲದ ಹಂಪ್ಸ್ ಎಲ್ಲವೂ ಇವೆ. ಯಾವ ಊರಿನ ಕಾರ್ಖಾನೆಯೇ ಆಗಲಿ, ಸುತ್ತಲಿನ ಐದು ಕಿ.ಮೀ. ವ್ಯಾಪ್ತಿಯ ನಕ್ಷೆ ಬಿಡಿಸಿ, ಎಲ್ಲಿ ಜಲ್ಲಿ ಚೆಲ್ಲಿದೆ, ಎಲ್ಲಿ ಮ್ಯಾನ್‌ಹೋಲ್ ಮುಚ್ಚಳ ತಗ್ಗಿದೆ, ಎಲ್ಲಿ ಬೀದಿದೀಪ ಸತ್ತಿದೆ ಎಂದು ನೌಕರರೇ ಪಿನ್ ಚುಚ್ಚುವಂತೆ ಕ್ಯಾಂಟೀನಿನಲ್ಲಿ ನೇತು ಹಾಕಿದರೆ ವಾರದಲ್ಲಿ ತುಂಬುತ್ತದೆ. ಅದರ ಫೋಟೊ ತೆಗೆದು ಲೆಟರ್‌ಹೆಡ್‌ನಲ್ಲಿ ಪಾಲಿಕೆಗೂ ಸಂಚಾರ ಪೊಲೀಸರಿಗೂ ಬರೆಯುವ ಶಕ್ತಿ ಒಬ್ಬ ಸವಾರನಿಗಿಂತ ಕಂಪನಿಗೆ ಹೆಚ್ಚು. ರಾಂಗ್ ಸೈಡ್ ಹಾವಳಿ ಇರುವ ಕಡೆ ಬೈಯುವುದಕ್ಕಿಂತ ಹಿಂಬದಿಯ ರಸ್ತೆಗೆ ಇನ್ನೊಂದು ಸಣ್ಣ ಗೇಟು ತೆರೆಯಲು ಸಾಧ್ಯವೇ ನೋಡಬೇಕು.

ಇಷ್ಟಾದರೂ ಅಪಘಾತಗಳು ಆಗುತ್ತವೆ. ಆಗ ಸುತ್ತಲಿದ್ದವರಿಗೆ ಗೊತ್ತಿರಬೇಕಾದದ್ದು: 108ಕ್ಕೆ ಕರೆ, ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ಕೀಳದಿರುವುದು, ಬಾಯಿಗೆ ನೀರು ಹಾಕದಿರುವುದು, ಸುರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿ ಹಿಡಿಯುವುದು. ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಮು ಕಾಪಾಡುತ್ತದೆ. ಮೇ 2025ರಿಂದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

ಕೊನೆಗೆ ಗೇಟಿನ ಬಳಿಯ ಆ ದೊಡ್ಡ ಬೋರ್ಡ್. ‘ಅಪಘಾತರಹಿತ ದಿನಗಳು: 412’ ಎಂಬ ಬಗೆಯದು. ಮನೆಯಿಂದ ಬರುವಾಗ ಅಥವಾ ಹಿಂತಿರುಗುವಾಗ ನೌಕರ ಗಾಯಗೊಂಡರೆ, ಸಮಯ, ಸ್ಥಳ, ಸಂದರ್ಭಗಳಿಗೆ ಕೆಲಸದ ನಂಟಿದ್ದಲ್ಲಿ ಅದು ಕೆಲಸದ ಅಪಘಾತವೇ ಎಂದು 2010ರಲ್ಲಿ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಗೆ ಸೇರಿದ 51ಇ ಕಲಮು ಒಪ್ಪಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಸರ್ವಿಸ್ ರಸ್ತೆಯಲ್ಲಿ ಬಿದ್ದು ಕಾಲು ಮುರಿದುಕೊಂಡವನು ಎರಡು ತಿಂಗಳು ಮಲಗಿದ್ದರೂ ಆ ಬೋರ್ಡಿನ ಅಂಕಿ ಏರುತ್ತಲೇ ಹೋಗುತ್ತದೆ. ಮೇಲಾಗಿ ಶೂನ್ಯ ಅಪಘಾತಕ್ಕೆ ಬಹುಮಾನ ಇಟ್ಟರೆ ಜನ ಮುಚ್ಚಿಡುವುದನ್ನು ಕಲಿಯುತ್ತಾರೆ. ಕೂದಲೆಳೆಯಲ್ಲಿ ತಪ್ಪಿದ್ದನ್ನು ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆ ಇಟ್ಟು, ಆ ಚೀಟಿಗಳನ್ನು ತಿಂಗಳ ಸುರಕ್ಷತಾ ಸಮಿತಿ ಸಭೆಯಲ್ಲಿ ಓದಲಿ.

ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರಲ್ಲಿ ನಮ್ಮ ಕೋರಿಕೆ ಒಂದೇ. ಸುರಕ್ಷತಾ ತಪಾಸಣೆಯ ನಮೂನೆಗೆ ಒಂದು ಪುಟ ಸೇರಿಸಿ. ಹಾಜರಿಗೆ ಎಷ್ಟು ನಿಮಿಷದ ರಿಯಾಯಿತಿ ಇದೆ, ಹೋದ ತಿಂಗಳು ಎಷ್ಟು ಜನ ಡಬಲ್ ಶಿಫ್ಟ್ ಮಾಡಿದರು, ಅವರು ಮನೆಗೆ ಹೇಗೆ ಹೋದರು, ಬರುವ ಹೋಗುವ ದಾರಿಯಲ್ಲಿ ಎಷ್ಟು ಜನ ಬಿದ್ದರು. ಈ ನಾಲ್ಕನ್ನು ಕೇಳಿ, ಉತ್ತರದ ಕೆಳಗೆ ಕಾರ್ಖಾನೆಯ ಮ್ಯಾನೇಜರ್ ಸಹಿ ತೆಗೆದುಕೊಳ್ಳಿ.

— ಕೈಗಾರಿಕಾ ಸುರಕ್ಷತಾ ವಿಭಾಗಗಳಲ್ಲಿ ಕೆಲಸ ಮಾಡುವ ಕೆಲವರು, ಬೆಂಗಳೂರು